ಪಿಕಳಾರ ನೆಟ್ಟ ಗಿಡ

ಪುತ್ತೂರು, ಸುಳ್ಯ, ಕಡಬದ ಕಡೆ ತೋಟದ ಗಿಡಗಳಿಗೆಲ್ಲ ಲೆಕ್ಕವಿರುತ್ತದೆ. ಅಡಕೆ ಇಷ್ಟು, ತೆಂಗು ಇಷ್ಟು, ಕೊಕ್ಕೋ ಇಷ್ಟು ಎಂದು ಮನೆಯವರು ಥಟ್ಟನೆ ಹೇಳುತ್ತಾರೆ. ಹಟ್ಟಿಯ ಹಿಂದೆ ನಿಂತ ಗಾಂಧಾರಿ ಮೆಣಸಿನ ಗಿಡವನ್ನು ನೆಟ್ಟವರು ಯಾರೆಂದು ಕೇಳಿ ನೋಡಿ. “ಅದು ಅದರಷ್ಟಕ್ಕೇ ಆದದ್ದು” ಎಂಬ ಉತ್ತರ ಬರುತ್ತದೆ.

ನೆಟ್ಟದ್ದು ಬಹುಪಾಲು ಅಲ್ಲೇ ಬಟ್ಟೆ ಹಗ್ಗದ ಮೇಲೆ ಕೂತಿರುತ್ತದೆ. ಕೆಮ್ಮೀಸೆ ಪಿಕಳಾರ: ನೆಟ್ಟಗೆ ನಿಂತ ಕಪ್ಪು ಜುಟ್ಟು, ಬಿಳಿ ಕೆನ್ನೆ, ಕಣ್ಣಿನ ಹಿಂದೊಂದು ಕೆಂಪು ಬೊಟ್ಟು, ಬಾಲದ ಬುಡದಲ್ಲಿ ಇನ್ನೊಂದು. ಬೆಳಕು ಹರಿಯುವಾಗಲೇ ಅದರ ಮಾತು ಶುರು. ಮನುಷ್ಯರ ಓಡಾಟಕ್ಕೆ ಅಷ್ಟೇನೂ ಹೆದರದೆ ದಾಸವಾಳದ ಪೊದೆಯಲ್ಲೋ ಕ್ರೋಟನ್ ಗಿಡದಲ್ಲೋ ಬಟ್ಟಲಿನಂಥ ಗೂಡು ಕಟ್ಟುತ್ತದೆ. ಒಣ ಎಲೆ, ನಾರು, ಒಳಗೆ ನವಿರಾದ ಬೇರಿನೆಳೆ. ಸಿಕ್ಕಿದರೆ ಪ್ಲಾಸ್ಟಿಕ್ ಚೂರೂ ಆದೀತು. ಎರಡೋ ಮೂರೋ ಮೊಟ್ಟೆ, ನಸುಗೆಂಪು ಮೈಯ ತುಂಬ ಕಂದು ಚುಕ್ಕೆ. ಸುಮಾರು 12 ದಿನಕ್ಕೆ ಮರಿ ಹೊರಬರುತ್ತದೆ. ಮೊದಮೊದಲು ಮರಿಯ ಬಾಯಿಗೆ ಹುಳುಹುಪ್ಪಟೆ, ಬೆಳೆದಂತೆ ಹಣ್ಣು. ಉಣಿಸಲು ಅಪ್ಪ ಅಮ್ಮ ಇಬ್ಬರೂ ಹಾರುತ್ತಾರೆ.

ಈ ಹಕ್ಕಿ ಗಾಂಧಾರಿ ತಿನ್ನುವುದನ್ನು ಹತ್ತಿರದಿಂದ ನೋಡಬೇಕು. ಹಣ್ಣು ಗಿಡದಲ್ಲಿ ಮೇಲ್ಮುಖವಾಗಿ ನಿಂತಿರುತ್ತದೆ. ಕೆಂಪಾದ ಮೇಲೆ ಮುಟ್ಟಿದರೆ ಸಾಕು, ತೊಟ್ಟು ಬಿಟ್ಟು ಬರುತ್ತದೆ. ಪಿಕಳಾರ ಒಂದನ್ನು ಕಿತ್ತು ಇಡಿಯಾಗಿ ನುಂಗುತ್ತದೆ, ಕೊಕ್ಕನ್ನು ಕೊಂಬೆಗೆ ಒರೆಸುತ್ತದೆ, ಮತ್ತೊಂದಕ್ಕೆ ಕತ್ತು ಚಾಚುತ್ತದೆ. ಕಣ್ಣಲ್ಲಿ ನೀರಿಲ್ಲ, ಉಸ್ಸೆನ್ನುವುದಿಲ್ಲ. ನಾವು ಗಂಜಿಯ ಬಟ್ಟಲಿಗೆ ಒಂದೇ ಒಂದನ್ನು ನುರಿದು ಕಿವಿ ಬಿಸಿಯಾಗಿಸಿಕೊಳ್ಳುವ ಹಣ್ಣು ಅದು.

ಖಾರ ಹಣ್ಣಿನಲ್ಲಿದೆ ಎಂದು ನಾವು ತಿಳಿದಿದ್ದೇವೆ. ಹಣ್ಣಿನಲ್ಲಿರುವುದು ಕ್ಯಾಪ್ಸೈಸಿನ್ ಎಂಬ ವಸ್ತು ಮಾತ್ರ; ಉರಿ ಹುಟ್ಟುವುದು ನಮ್ಮ ನರಗಳಲ್ಲಿ. ಬಿಸಿ ತಾಗಿದಾಗ ಎಚ್ಚರಿಸುವ ಒಂದು ಗ್ರಾಹಕವನ್ನು ಅದು ಮೀಟುತ್ತದೆ. ಆ ಗ್ರಾಹಕವನ್ನು ಪತ್ತೆಮಾಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಅವರ ಪ್ರಯೋಗಾಲಯವೇ 2002ರಲ್ಲಿ ತೋರಿಸಿದಂತೆ, ಕೋಳಿಯಲ್ಲಿರುವ ಅದೇ ಗ್ರಾಹಕ ಕ್ಯಾಪ್ಸೈಸಿನ್‌ಗೆ ಮಿಸುಕುವುದಿಲ್ಲ. ಹಕ್ಕಿಗಳ ಲೋಕದಲ್ಲಿ ಮೆಣಸು ಖಾರವೇ ಅಲ್ಲ.

ಗಿಡಕ್ಕೆ ಇದರಿಂದೇನು ಲಾಭ? ಅರಿಜೋನಾದ ಕಾಡುಜಾತಿಯ ಮೆಣಸಿನ ಮೇಲೆ ನಡೆದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಖಾರವಿಲ್ಲದ ಹಣ್ಣು ಕೊಟ್ಟಾಗ ಇಲಿಗಳು ತಿಂದವು. ಅವುಗಳ ಹೊಟ್ಟೆ ಹಾದ ಬೀಜ ಒಂದೂ ಮೊಳೆಯಲಿಲ್ಲ. ಹಕ್ಕಿ ತಿಂದ ಬೀಜ ಚೆನ್ನಾಗಿಯೇ ಮೊಳೆಯಿತು. ಹಲ್ಲಿರುವವರನ್ನು ಹೊರಗಿಟ್ಟು ಕೊಕ್ಕಿರುವವರನ್ನು ಒಳಗೆ ಬಿಡುವ ಬೀಗ ಈ ಖಾರ.

ನನ್ನನ್ನು ಬೆರಗಾಗಿಸುವುದು ಇದರ ಮುಂದಿನ ಮಾತು. ಮೆಣಸು ಅಮೆರಿಕದ ಗಿಡ, ಪೋರ್ಚುಗೀಸರ ಕಾಲದಲ್ಲಿ ಕಡಲು ದಾಟಿ ಬಂದದ್ದು. ಖಾರವನ್ನು ರೂಢಿಸಿಕೊಂಡ ಲಕ್ಷಾಂತರ ವರ್ಷಗಳಲ್ಲಿ ಅದು ಒಂದೇ ಒಂದು ಪಿಕಳಾರವನ್ನೂ ಕಂಡಿರಲಿಲ್ಲ. ಆದರೂ ಕುಮಾರಧಾರೆಯ ದಡದ ಈ ಹಕ್ಕಿಗೆ ಆ ಬಾಗಿಲು ತೆರೆದೇ ಇತ್ತು. ಕೇಪುಳದ ಹಣ್ಣು ತಿನ್ನುತ್ತಿದ್ದ ಬಾಯಿ ಗಾಂಧಾರಿಯನ್ನೂ ತಿಂದು ಊರೂರಿಗೆ ಹಂಚಿತು. ಇದರಲ್ಲಿ ಉಪಕಾರದ ಬುದ್ಧಿಯನ್ನೇನೂ ಹುಡುಕಬೇಕಾಗಿಲ್ಲ. ಇದೇ ಹಕ್ಕಿ ಲಂಟಾನವನ್ನೂ ಗುಡ್ಡೆಗೆ ಹತ್ತಿಸುತ್ತದೆ. 1892ರಲ್ಲಿ ಮಾರಿಷಸ್‌ಗೆ ಒಯ್ದ ಪಿಕಳಾರಗಳ ಸಂತತಿ ಅಲ್ಲಿನ ಕಾಡಿಗೆ ಹೊರಗಿನ ಕಳೆಗಳನ್ನು ಹಬ್ಬಿಸಿತು. ಅದು ಹಸಿದಿತ್ತು, ತಿಂದಿತು, ಹಾರಿತು. ಲೋಕದ ಎಷ್ಟೋ ದೊಡ್ಡ ಕೆಲಸಗಳು ಹೀಗೆ, ಮಾಡುವವರಿಗೇ ಗೊತ್ತಿಲ್ಲದೆ ಆಗುತ್ತವೆ.

ಇನ್ನು ನಮ್ಮ ಪಾತ್ರ. ಹಲ್ಲಿರುವ ಪ್ರಾಣಿಗಳಿಗೆ ಗಿಡ ಇಟ್ಟ “ಹತ್ತಿರ ಬರಬೇಡ” ಎಂಬ ಉರಿಯನ್ನೇ ಹಚ್ಚಿಕೊಂಡವರು ನಾವು. ಸಾಲದ್ದಕ್ಕೆ ಬೇಲಿಯಾಚೆ ಇಣುಕಿ ಕೇಳುತ್ತೇವೆ: “ಅಕ್ಕಾ, ನಾಲ್ಕು ಗಾಂಧಾರಿ ಮೆಣಸು ಉಂಟಾ?”