ನಿಲ್ಲಿಸಿದ ಕೈ

ಒಬ್ಬರ ಮುಖವನ್ನು ಚಿತ್ರವಾಗಿ ಪಡೆದ ಮೇಲೆ ಅವರಿಗೆ ನಾವು ಸಾಲಗಾರರಾಗುತ್ತೇವೆಯೇ? ಯಾರೋ ಬಳಸಿ ಬಿಟ್ಟ, ಎರಡು ಲೆನ್ಸುಗಳ ಹಳೆಯ ಕ್ಯಾಮರಾ ಕೊಂಡಂದಿನಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ.

ಇದಕ್ಕೆ ಬೇಕಾದ 120 ರೋಲ್ ಫಿಲ್ಮ್ 1901ರಲ್ಲಿ ಬಂದದ್ದು, ಇಂದಿಗೂ ಸಿಗುತ್ತದೆ. ಒಂದು ರೋಲಿಗೆ ಚೌಕಾಕಾರದ 12 ಚಿತ್ರಗಳು ಮಾತ್ರ. ಕ್ಯಾಮರಾವನ್ನು ಎದೆಯ ಕೆಳಗೆ ಹಿಡಿದು, ತಲೆಬಾಗಿ ಗಾಜಿನೊಳಗೆ ನೋಡಬೇಕು; ಅಲ್ಲಿ ಎಡವು ಬಲವಾಗಿ ಕಾಣುತ್ತದೆ. ಬಾದಾಮಿಯ ಅಗಸ್ತ್ಯ ತೀರ್ಥದ ದಡದಲ್ಲಿ ಭೂತನಾಥ ಗುಡಿಯನ್ನು ಚೌಕಟ್ಟಿಗೆ ತರಲು ನಾನು ಪ್ರತಿಸಲವೂ ತಪ್ಪು ದಿಕ್ಕಿಗೇ ತಿರುಗಿದೆ. ಆದರೂ ಬಿಸಿಲಿನಲ್ಲಿ ತೆಗೆದ ಆ ಚಿತ್ರಗಳು ಚೆನ್ನಾಗಿಯೇ ಬಂದವು.

ಅದೇ ರೋಲಿನ ಕೊನೆಯ ಚಿತ್ರಗಳನ್ನು ಇಳಕಲ್ಲಿನ ಮಗ್ಗದ ಮನೆಯೊಂದಕ್ಕೆ ಉಳಿಸಿಕೊಂಡಿದ್ದೆ. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಎಳೆಎಳೆಯಾಗಿ ಕೊಂಡಿ ಹಾಕುತ್ತಿದ್ದ ಹಿರಿಯ ತಾಯಿ ನನಗಾಗಿ ಕೈ ನಿಲ್ಲಿಸಿದರು. ಮಬ್ಬು ಬೆಳಕು, ಶಟರಿನ ವೇಗ ತಗ್ಗಿಸಿದೆ.

“ಮತ್ತ ಫೋಟೋ ಯಾವಾಗ ತಂದು ಕೊಡ್ತೀರ್ರಿ?”

“ಮುಂದಿನ ತಿಂಗಳು ತರುತ್ತೇನಮ್ಮಾ” ಎಂದೆ.

ಫಿಲ್ಮ್ ತೊಳೆದಾಗ ಅವರಿದ್ದ ಭಾಗವೆಲ್ಲ ಬರೀ ಕಪ್ಪು. ಹಳೆಯ ಶಟರಿನ ಎಣ್ಣೆ ಗಟ್ಟಿಯಾದರೆ ನಿಧಾನದ ವೇಗಗಳಲ್ಲಿ ಅದು ಬೇಗ ಮುಚ್ಚಿಕೊಳ್ಳದು. ಫಿಲ್ಮ್ ಹಾಕುವ ಮುನ್ನ ಒಂದೊಂದು ವೇಗವನ್ನೂ ಒತ್ತಿ ಕಿವಿಗೊಟ್ಟಿದ್ದರೆ ತಿಳಿಯುತ್ತಿತ್ತು. ಆ ಸಹನೆ ನನಗಿರಲಿಲ್ಲ.

ಮೊಬೈಲಿನಲ್ಲಿ ಇನ್ನೊಂದು ಚಿತ್ರ ತೆಗೆದುಕೊಟ್ಟು ಮಾತು ತೀರಿಸಬಹುದೆಂದು ಮನಸ್ಸು ಹೇಳಿತು. ಆದರೆ ಅವರು ನನಗೆ ಕೊಟ್ಟದ್ದು ಬರಿಯ ಮುಖವಲ್ಲ; ನೇಯ್ದಷ್ಟೇ ಕೂಲಿ ಕಾಣುವ ಕೈಯ ಬಿಡುವು. ಅದನ್ನು ಯಾವ ಕಾಗದದ ಮೇಲೆ ಹಿಂದಿರುಗಿಸಲಿ?

ಮರುತಿಂಗಳು ಬರಿಗೈಯಲ್ಲೇ ಹೋಗಿ, ತಪ್ಪು ನನ್ನದೆಂದು ಹೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಈ ಸಲ ಕೈ ನಿಲ್ಲಿಸಲಿಲ್ಲ.