ಹತ್ತು ಹನಿ ಇಂಕಿನ ಋಣ

ನನ್ನ ಲ್ಯಾಪ್‌ಟಾಪ್ ಬ್ಯಾಗಿನ ಒಳಜೇಬಿನಲ್ಲಿ, ಚಾರ್ಜರಿನ ಪಕ್ಕ, ಹೆಬ್ಬೆರಳಿಗಿಂತ ತುಸು ದಪ್ಪಗಿರುವ ಒಂದು ಮಸಿಕುಡಿಕೆ ಇರುತ್ತದೆ. ಪುಣೆಯಿಂದ ಹೈದರಾಬಾದಿಗೋ ಚೆನ್ನೈಗೋ ಪ್ರಾಜೆಕ್ಟ್ ಕೆಲಸಕ್ಕೆ ಹೊರಟಾಗಲೆಲ್ಲ ಅದೂ ಜೊತೆಗೆ ಬರುತ್ತದೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಒಮ್ಮೊಮ್ಮೆ ಅದನ್ನು ಎತ್ತಿ ಹಿಡಿದು "ಇದೇನು?" ಎಂದು ಕೇಳುತ್ತಾರೆ. "ಇಂಕು" ಎಂದರೆ ನನ್ನ ನರೆಗೂದಲನ್ನೊಮ್ಮೆ ನೋಡಿ, ನಕ್ಕು ಬಿಟ್ಟುಕೊಡುತ್ತಾರೆ.

ಇಂಕು ಪೆನ್ನಿಟ್ಟುಕೊಂಡು ವಿಮಾನ ಹತ್ತಿದವರಿಗೆ ಇದರ ಅಗತ್ಯ ಗೊತ್ತಿರುತ್ತದೆ. ಹಾರುವಾಗ ಕ್ಯಾಬಿನ್ನಿನ ಒಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯುತ್ತದೆ. ಅರ್ಧ ಖಾಲಿಯಾದ ಪೆನ್ನಿನೊಳಗಿನ ಗಾಳಿ ಆಗ ಹಿಗ್ಗಿ ಇಂಕನ್ನು ನಿಬ್ಬಿನಿಂದ ಹೊರಗೆ ತಳ್ಳುತ್ತದೆ. ಅಂಗಿಯ ಜೇಬು ನೀಲಿಯಾಗುವುದು ಹೀಗೆ. ಪೆನ್ನನ್ನು ಪೂರ್ತಿ ತುಂಬಿಸಿ ಒಯ್ಯಬೇಕು, ಇಲ್ಲವೇ ಖಾಲಿ ಒಯ್ದು ಇಳಿದ ಮೇಲೆ ತುಂಬಿಸಿಕೊಳ್ಳಬೇಕು. ಈ ಕುಡಿಕೆಯ ಬಾಯಲ್ಲಿ ರಬ್ಬರಿನ ಬಿಗಿಯಾದ ಬಳೆಯೊಂದಿದೆ. ಪೆನ್ನಿನ ಮೂತಿಯನ್ನು ಅದರೊಳಗೆ ಒತ್ತಿ, ಎರಡನ್ನೂ ಸೇರಿಸಿ ತಲೆಕೆಳಗು ಮಾಡಿದರೆ ಇಂಕು ನಿಬ್ಬನ್ನು ಮುಳುಗಿಸುತ್ತದೆ. ಪಿಸ್ಟನ್ ತಿರುಗಿಸಿದರೆ ಪೆನ್ನಿನ ಹೊಟ್ಟೆ ತುಂಬುತ್ತದೆ. ಬಾಟಲಿಯ ತಳದಲ್ಲಿ ನಿಬ್ಬಿಗೆ ಎಟುಕದೆ ಉಳಿಯುವಷ್ಟು ಇಂಕಿದ್ದರೂ ಇದರಲ್ಲಿ ಸಾಕು. ಒಂದು ಹನಿ ಆಚೆ ಈಚೆ ಆಗುವುದಿಲ್ಲ.

ಇದನ್ನು ಕೊಂಡಾಗ ನನಗಿದ್ದ ಖುಷಿ ಇಂಕಿಗಷ್ಟೇ ಸಂಬಂಧಿಸಿದ್ದಲ್ಲ. ಎಲ್ಲಿಗೆ ಹೋದರೂ ಯಾರನ್ನೂ ಏನೂ ಕೇಳಬೇಕಿಲ್ಲ ಎಂಬ ನೆಮ್ಮದಿ ಅದು. ಪ್ರಾಜೆಕ್ಟ್ ಪ್ಲಾನಿನಲ್ಲಿ ಸದಾ ಒಂದಿಷ್ಟು ಬಫರ್ ಇಟ್ಟುಕೊಳ್ಳುವ ನನ್ನಂಥವನ ಜೀವನಕ್ರಮಕ್ಕೆ ಹೇಳಿ ಮಾಡಿಸಿದ ವಸ್ತು. ಆದರೆ ಮೂರು ವರ್ಷದಿಂದ ಒಂದು ಪ್ರಶ್ನೆ ಕಾಡುತ್ತಿದೆ. ಯಾರ ಹಂಗೂ ಇಲ್ಲದೆ ಬದುಕುವುದು ನಿಜಕ್ಕೂ ಅಷ್ಟು ದೊಡ್ಡ ಗುಣವೇ?

ಬೆಳಗಾವಿ ಜಿಲ್ಲೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಇಂಕು ಸಾಲದ ವಸ್ತುವಾಗಿತ್ತು. ನಮ್ಮವು ಪಿಸ್ಟನ್ ಇಲ್ಲದ ಪೆನ್ನುಗಳು, ಕತ್ತು ತಿರುವಿ ಬಿಚ್ಚಿ ಡ್ರಾಪರಿನಿಂದ ಇಂಕು ಹಾಕಬೇಕು. ತರಗತಿಯಲ್ಲಿ ಖಾಲಿಯಾದರೆ ಪಕ್ಕದವನ ಮುಂದೆ ಪೆನ್ನು ಬಿಚ್ಚಿ ಹಿಡಿಯಬೇಕು. ಅವನು ತನ್ನ ಪೆನ್ನಿನಿಂದ ಒಂದೊಂದೇ ಹನಿ ಎಣಿಸಿ ಬೀಳಿಸುತ್ತಿದ್ದ. ಏಳನೇ ಇಯತ್ತೆಯ ಪರೀಕ್ಷೆಯ ದಿನ, ಗಣಿತದ ಪತ್ರಿಕೆ ಅರ್ಧವಾಗಿದ್ದಾಗ ನನ್ನ ಪೆನ್ನು ನಿಂತಿತು. ಪಕ್ಕದಲ್ಲಿದ್ದವನು ಗೋಲಿ ಆಟದಲ್ಲಿ ಜಗಳವಾಗಿ ನನ್ನೊಂದಿಗೆ ಮಾತು ಬಿಟ್ಟಿದ್ದ ಹುಡುಗ. ನಾನು ಕೇಳಲಿಲ್ಲ, ಅಭಿಮಾನ ಅಡ್ಡ ಬಂತು. ಅವನೇ ನೋಡಿದ, ಸರ್ ಕಡೆ ತಿರುಗಿ ಕೈಸನ್ನೆಯಲ್ಲಿ ಅನುಮತಿ ಕೇಳಿದ, "ತೆಗೀಲೇ ಪೆನ್ನ" ಅಂದ. ಹತ್ತು ಹನಿ. ನಾನು ಎಣಿಸಿದ್ದೆ. ಕೊನೆಗೆ ಅವನದೇ ಸಾಲದೆ ಬಂದು, ಪೆನ್ನಿಗೆ ಒಂದಿಷ್ಟು ನೀರು ಬೆರೆಸಿಕೊಂಡು ತಿಳಿನೀಲಿ ಅಂಕಿಗಳಲ್ಲಿ ಪತ್ರಿಕೆ ಮುಗಿಸಿದ. ಮುಂದೆ ಅವನು ಹೈಸ್ಕೂಲಿಗೆ ಬರಲಿಲ್ಲ. ಕಬ್ಬು ಕಡಿಯುವವರ ಜೊತೆ ಹೋದನೆಂದು ಕೇಳಿದೆ. ಆ ಹತ್ತು ಹನಿಯನ್ನು ನಾನು ಹಿಂದಿರುಗಿಸಲೇ ಇಲ್ಲ.

ಹಂಗಿನ ಭಯ ನನಗೆ ಬಂದದ್ದು ಅಪ್ಪನಿಂದ. ಬೀಜ ಗೊಬ್ಬರಕ್ಕೆಂದು ಸಾವುಕಾರರ ಕಟ್ಟೆಯ ಕೆಳಗೆ ಗಂಟೆಗಟ್ಟಲೆ ನಿಂತು ಬಂದವರು ಅವರು. ಬಡ್ಡಿಸಮೇತ ಸಾಲ ತೀರಿದ ಮೇಲೂ ಆ ಮನೆಯ ಮದುವೆಗಳಲ್ಲಿ ನೀರು ಹೊರಲು ಕರೆ ಬರುತ್ತಿತ್ತು, ಇಲ್ಲವೆನ್ನಲು ಆಗುತ್ತಿರಲಿಲ್ಲ. ನಾನು ಸುರತ್ಕಲ್ಲಿಗೆ ಎಂ.ಟೆಕ್ ಓದಲು ಹೊರಟಾಗ ಅವರು ಹೇಳಿದ್ದು ಒಂದೇ ಮಾತು: "ಯಾರ ಹಂಗಿನಾಗೂ ಇರಬ್ಯಾಡ."

ಇಪ್ಪತ್ತು ವರ್ಷ ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ನಗರ ಅದಕ್ಕೆ ಅನುಕೂಲವೂ ಆಯಿತು. ಹೆಪ್ಪಿಗೆ ಮೊಸರು ಬೇಕಾದರೂ ಆ್ಯಪಿನಲ್ಲಿ ಹತ್ತು ನಿಮಿಷಕ್ಕೆ ಬರುವ ಊರಿನಲ್ಲಿ ಪಕ್ಕದ ಮನೆಯ ಬಾಗಿಲು ಬಡಿಯುವ ಪ್ರಸಂಗವೇ ಬರುವುದಿಲ್ಲ.

ಮೂರು ವರ್ಷದ ಹಿಂದೆ ಅಪ್ಪನಿಗೆ ಪುಣೆಯಲ್ಲಿ ಆಪರೇಷನ್ ಆಯಿತು. ಹತ್ತು ದಿನ ಆಸ್ಪತ್ರೆ. ಎದುರು ಮನೆಯ ಮರಾಠಿ ಕಾಕೂ, ಅದುವರೆಗೆ ಲಿಫ್ಟಿನಲ್ಲಿ ನಕ್ಕದ್ದಷ್ಟೇ ಪರಿಚಯ, ಹತ್ತು ದಿನವೂ ಎರಡು ಹೊತ್ತು ಡಬ್ಬಿ ಕಳಿಸಿದರು. ಅಪ್ಪನನ್ನು ಮನೆಗೆ ಕರೆತಂದ ಸಂಜೆಯೇ ನಾನು ಒಂದು ಪೈಠಣಿ ಸೀರೆ, ಸಿಹಿಯ ಡಬ್ಬ ಹಿಡಿದು ಅವರ ಮನೆಗೆ ಹೋದೆ. ಅವರು ಅದನ್ನು ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿಶೋಬ್ ಪೂರ್ಣ ಝಾಲಾ ಕಾ?" ಎಂದರು. ಲೆಕ್ಕ ಚುಕ್ತಾ ಆಯಿತೇನಪ್ಪಾ ಎಂದು.

ಮನೆಗೆ ಬಂದು ಹೇಳಿದೆ. ಅಪ್ಪ ನನ್ನ ಪರ ಮಾತಾಡುತ್ತಾರೆ ಅಂದುಕೊಂಡಿದ್ದೆ. ಅವರು ಗೋಡೆಯ ಕಡೆ ಹೊರಳಿ, "ಆಕಿ ಊಟ ಕೊಟ್ಟಳು, ನೀ ಬಿಲ್ಲ ಕಟ್ಟಿ ಬಂದಿ" ಅಂದರು. ಯಾರ ಹಂಗಿನಲ್ಲೂ ಇರಬೇಡ ಎಂದವರು ನೀವೇ ಅಲ್ಲವೇ ಎಂದೆ. "ಹಂಗು ಬ್ಯಾರೆ, ಋಣ ಬ್ಯಾರೆ" ಅಂದು ಕಣ್ಣು ಮುಚ್ಚಿದರು.

ನಾನು ಯಾವ ಜಾತಿಯ ಮನುಷ್ಯ ಎಂಬುದನ್ನು ಅರಿಸ್ಟಾಟಲ್ ಬಹಳ ಹಿಂದೆಯೇ ಗುರುತಿಸಿದ್ದಾನೆ. 'ನಿಕೊಮೇಕಿಯನ್ ಎಥಿಕ್ಸ್'ನಲ್ಲಿ ಅವನು ಚಿತ್ರಿಸುವ 'ಮಹಾತ್ಮ'ನಿಗೆ ಉಪಕಾರ ಮಾಡುವುದು ಇಷ್ಟ, ಪಡೆಯುವುದು ನಾಚಿಕೆ. ಏಕೆಂದರೆ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ಅರಿಸ್ಟಾಟಲ್‌ಗೆ ಇದು ಗುಣ. ರೋಮಿನ ಸೆನೆಕ ಉಪಕಾರದ ಬಗ್ಗೆಯೇ ಒಂದು ಪುಸ್ತಕ ಬರೆದು ಇದಕ್ಕೆ ಬೇರೆ ಮುಖ ತೋರಿಸುತ್ತಾನೆ. ಪಡೆದದ್ದನ್ನು ತಿರುಗಿಸಲು ತೀರ ಅವಸರ ಪಡುವವನು ಕೃತಜ್ಞನಲ್ಲ, ಮನಸ್ಸಿಲ್ಲದ ಸಾಲಗಾರ ಎನ್ನುವ ಅರ್ಥದಲ್ಲಿ. ಓದಿದಾಗ ನನ್ನ ಕೈಯಲ್ಲಿದ್ದ ಸೀರೆಯ ಪೊಟ್ಟಣ ನೆನಪಾಯಿತು.

ಆದರೆ ಸೆನೆಕನಿಗಿಂತ ಚೆನ್ನಾಗಿ ಇದನ್ನು ನಮ್ಮ ಮಾತೇ ಹೇಳುತ್ತದೆ. ಬ್ಯಾಂಕಿನ ಸಾಲ ತೀರಿದರೆ ಪೇಢೆ ಹಂಚುತ್ತೇವೆ. ಆದರೆ "ಋಣ ತೀರಿತು" ಎಂದು ನಾವು ಯಾವಾಗ ಹೇಳುತ್ತೇವೆ? ಊರು ಬಿಟ್ಟು ಹೊರಡುವಾಗ. ಸಂಬಂಧ ಮುರಿದಾಗ. ಯಾರಾದರೂ ತೀರಿಕೊಂಡಾಗ. ಕನ್ನಡದಲ್ಲಿ ಋಣ ತೀರುವುದು ಸಂತೋಷದ ಸುದ್ದಿಯಲ್ಲ. ಊರು ಬಿಟ್ಟು ಬಂದ ನಿಮಗೂ ನನಗೂ ಇದನ್ನು ಯಾರೂ ವಿವರಿಸಬೇಕಿಲ್ಲ.

ಹಾಗೆಂದು ಹಂಗನ್ನು ಹೊಗಳಲು ನಾನು ತಯಾರಿಲ್ಲ. ಸಾವುಕಾರರ ಕಟ್ಟೆಯ ಕೆಳಗೆ ನಿಂತವರಿಗೆ, ಕೇಳಿ ಕೇಳಿಯೇ ಬದುಕಬೇಕಾದವರಿಗೆ, ಯಾರನ್ನೂ ಕೇಳದೆ ಇರುವುದೇ ದೊಡ್ಡ ಘನತೆ. ಮಾರಯ್ಯ ಆಯ್ದು ತಂದ ಹೆಚ್ಚಿನ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮ ಹಿಂದಕ್ಕೆ ಕಳಿಸಿದ ಕಥೆಯನ್ನು ನಾವು ಗೌರವದಿಂದ ಹೇಳುತ್ತೇವೆ. ಆದರೆ ಆ ಮನೆಯ ಅಕ್ಕಿ ದಾಸೋಹಕ್ಕಿತ್ತು, ಬೀಗ ಹಾಕಿಡುವುದಕ್ಕಲ್ಲ ಎಂಬುದನ್ನು ನನ್ನಂಥವರು ಮರೆಯುತ್ತೇವೆ.

ಅಪ್ಪ ಹೇಳಿದ ವ್ಯತ್ಯಾಸ ನನಗೆ ತಿಳಿದದ್ದು ಇಷ್ಟು: ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ. ಕೊಟ್ಟವನು ಲೆಕ್ಕ ಇಟ್ಟರೆ ಅದು ಹಂಗು, ಬೇಗ ಹರಿದುಕೊಂಡಷ್ಟೂ ಒಳ್ಳೆಯದು. ಕೊಟ್ಟವನು ಮರೆತು ಪಡೆದವನು ನೆನಪಿಟ್ಟುಕೊಂಡರೆ ಅದು ಋಣ. ಅದನ್ನು ಹೊತ್ತುಕೊಂಡಿರುವುದೇ ಅದಕ್ಕೆ ಸಲ್ಲಿಸುವ ಮರ್ಯಾದೆ. ನಾನು ಸಾವುಕಾರರ ರೋಗಕ್ಕೆ ಕೊಟ್ಟ ಔಷಧಿಯನ್ನು ಕಾಕೂಗೂ ಕುಡಿಸಲು ಹೋಗಿದ್ದೆ. ಲೆಕ್ಕ ಚುಕ್ತಾ ಮಾಡಿದ ಎಷ್ಟೋ ಜನರ ಮುಖ ಇಂದು ನೆನಪಿಲ್ಲ. ಗೋಲಿ ಜಗಳದ ಆ ಹುಡುಗನ ಕೈಯ ಇಂಕಿನ ಕಲೆ ಎಲ್ಲಿತ್ತೆಂದು ಈಗಲೂ ಹೇಳಬಲ್ಲೆ.

ಕಳೆದ ಪರೀಕ್ಷೆಯ ದಿನಗಳಲ್ಲಿ ಕಾಕೂ ಮೊಮ್ಮಗಳು ರಾತ್ರಿ ಬಾಗಿಲು ಬಡಿದಳು. ಅವಳ ಇಂಕಿನ ಬಾಟಲಿ ಉರುಳಿ ಖಾಲಿಯಾಗಿತ್ತು. ನನ್ನ ದೊಡ್ಡ ಬಾಟಲಿ ಆಫೀಸಿನಲ್ಲಿತ್ತು, ಮನೆಯಲ್ಲಿದ್ದದ್ದು ಈ ಕುಡಿಕೆಯೊಂದೇ. ಅವಳ ದಪ್ಪ ಮೂತಿಯ ಪೆನ್ನು ರಬ್ಬರ್ ಬಳೆಯೊಳಗೆ ಹೋಗಲಿಲ್ಲ. ಇದು ಹಂಚಲು ಮಾಡಿದ ವಸ್ತುವಲ್ಲ ಎಂದು ಅಂದೇ ಗೊತ್ತಾಗಿದ್ದು. ಕೊನೆಗೆ ಬಳೆಯನ್ನೇ ಕಿತ್ತು, ಸಿರಿಂಜಿನಿಂದ ಇಂಕೆಳೆದು ಅವಳ ಪೆನ್ನಿಗೆ ಹನಿಹನಿಯಾಗಿ ಬಿಟ್ಟೆ. ಇಬ್ಬರ ಬೆರಳೂ ನೀಲಿಯಾದವು.

"ಅಂಕಲ್, ಎಷ್ಟು ಹನಿ ವಾಪಸ್ ಕೊಡಬೇಕು?" ಎಂದಳು. ಏನೂ ಬೇಡ ಎನ್ನಲು ಬಾಯಿ ತೆರೆದವನು ನಿಲ್ಲಿಸಿದೆ. "ನನ್ನದು ಖಾಲಿಯಾದಾಗ ಬಂದು ಕೇಳ್ತೀನಿ" ಅಂದೆ.

ಇನ್ನೂ ಕೇಳಲು ಹೋಗಿಲ್ಲ. ಅಪ್ಪಾ ಬಳವಂತ ಚೌಕದಿಂದ ತಂದ ಹೊಸ ಬಾಟಲಿಯಲ್ಲಿ ಅರ್ಧ ಉಳಿದಿದೆ. ಅದು ಮುಗಿದಾಗ ಎದುರಿನ ಬಾಗಿಲು ಬಡಿಯುವ ಧೈರ್ಯ ನನಗೆ ಬರಬೇಕು.