ಮಳೆಯ ಹೇತು, ಮಳೆಯ ನಿಯತಿ

ಜಗತ್ತಿನ ಆಗುಹೋಗುಗಳಿಗೆ ಮೂಲ ಯಾವುದೆಂಬ ಪ್ರಶ್ನೆಯನ್ನೆತ್ತುವ ಶ್ವೇತಾಶ್ವತರ ಉಪನಿಷತ್ತು ತನ್ನ ಆರಂಭದಲ್ಲಿಯೇ ಕಾಲ, ಸ್ವಭಾವ, ನಿಯತಿ, ಯದೃಚ್ಛೆ ಮೊದಲಾದ ಉತ್ತರಗಳನ್ನು ಒಂದೊಂದಾಗಿ ಮುಂದಿಡುತ್ತದೆ. ನಿಯತಿಯೆಂದರೆ ಮೀರಲಾಗದ ಕಟ್ಟು, ಯದೃಚ್ಛೆಯೆಂದರೆ ಕಾರಣವಿಲ್ಲದೆ ಒದಗಿಬಂದ ಆಕಸ್ಮಿಕ. ಒಂದನ್ನು ಒಪ್ಪಿದವರು ಇನ್ನೊಂದನ್ನು ಬಿಡಲೇಬೇಕೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಮಳೆಯ ಮುಂದೆ ಈ ವಿಂಗಡಣೆ ನಿಲ್ಲುವುದಿಲ್ಲ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಅದೇ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದುದು ಕೇವಲ 73 ಮಿಲಿಮೀಟರ್. ಗಾಳಿ, ಆವಿ, ಉಷ್ಣ ಇವೆಲ್ಲ ಭೌತನಿಯಮಗಳಿಗೆ ಕಟ್ಟುಬಿದ್ದೇ ನಡೆಯುತ್ತವೆ. ಆದರೂ ಗಣಿತದಿಂದ ಹವಾಮಾನಶಾಸ್ತ್ರಕ್ಕೆ ಬಂದ ಅಮೆರಿಕದ ಎಡ್ವರ್ಡ್ ಲೊರೆನ್ಜ್ 1963ರಲ್ಲಿ ತೋರಿಸಿದಂತೆ, ಆರಂಭದ ಸ್ಥಿತಿಯಲ್ಲಿನ ಅತ್ಯಲ್ಪ ವ್ಯತ್ಯಾಸವೂ ಬೆಳೆಯುತ್ತ ಹೋಗಿ ಕೆಲವೇ ದಿನಗಳಾಚೆಯ ಲೆಕ್ಕವನ್ನು ಬುಡಮೇಲು ಮಾಡಬಲ್ಲದು. ಹೀಗೆ ಪೂರ್ತಿ ಅಳೆಯಲಾಗದ ನಿಯತಿಯು ಮನುಷ್ಯನ ಪಾಲಿಗೆ ಯದೃಚ್ಛೆಯಾಗಿಯೇ ಒದಗುತ್ತದೆ.

ಭವಿಷ್ಯವನ್ನು ಖಚಿತವಾಗಿ ನುಡಿಯಲಾಗದ ಜ್ಞಾನವನ್ನು ಜ್ಞಾನವೆನ್ನಬಹುದೆ ಎಂಬ ಪ್ರಶ್ನೆಗೆ ಸುಲೋಚನಾ ಗಾಡ್ಗೀಳ್ (1944–2025) ಅವರ ಜೀವನಕಾರ್ಯದಲ್ಲಿ ಗಂಭೀರವಾದ ಉತ್ತರವೊಂದಿದೆ. ಪುಣೆಯಲ್ಲಿ ಹುಟ್ಟಿ, ಜಿಡ್ಡು ಕೃಷ್ಣಮೂರ್ತಿಯವರು ಸ್ಥಾಪಿಸಿದ ರಿಷಿ ವ್ಯಾಲಿ ಶಾಲೆಯಲ್ಲಿಯೂ ಕಲಿತು, ಹಾರ್ವರ್ಡ್‌ನಿಂದ ಅನ್ವಿತ ಗಣಿತದಲ್ಲಿ ಡಾಕ್ಟರೇಟ್ ಪಡೆದ ಅವರು 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಮುಂದಿನ ದಶಕಗಳನ್ನು ಮಾನ್ಸೂನಿಗೇ ಮೀಸಲಿಟ್ಟರು.

ಮಾನ್ಸೂನ್ ಎಂದರೆ ನೆಲವು ಕಡಲಿಗಿಂತ ಹೆಚ್ಚು ಕಾಯುವುದರಿಂದ ಹುಟ್ಟುವ ಬೃಹತ್ ಕಡಲಗಾಳಿ ಎಂಬ ವಿವರಣೆ 1686ರಲ್ಲಿ ಇಂಗ್ಲೆಂಡಿನ ಖಗೋಳವಿಜ್ಞಾನಿ ಎಡ್ಮಂಡ್ ಹ್ಯಾಲಿಯಿಂದ ಬಂದದ್ದು. ಶಾಲಾಪಠ್ಯಗಳಲ್ಲಿ ಅದು ಇಂದಿಗೂ ಉಳಿದಿದೆ. ಈ ವಾದಕ್ಕೆ ನ್ಯಾಯದರ್ಶನದ ಅನ್ವಯ-ವ್ಯತಿರೇಕ ಪರೀಕ್ಷೆಯನ್ನು, ಎಂದರೆ ಹೇತುವಿದ್ದಲ್ಲಿ ಕಾರ್ಯವೂ ಇರಬೇಕು, ಹೇತುವಿಲ್ಲದಲ್ಲಿ ಕಾರ್ಯವೂ ಇರಬಾರದು ಎಂಬ ಒರೆಗಲ್ಲನ್ನು, ಹಚ್ಚಿದರೆ ಅದರ ಬಣ್ಣ ಬಯಲಾಗುತ್ತದೆ. ನೆಲ ಅತಿಯಾಗಿ ಕಾಯುವುದು ಮೇ ತಿಂಗಳಲ್ಲಿ, ಮಳೆ ಜೋರಾಗುವುದು ಜುಲೈಯಲ್ಲಿ. ಅಷ್ಟೇ ಅಲ್ಲ, ಮಳೆಗಾಲದಲ್ಲಿ ನೆಲ ಹೆಚ್ಚು ಬಿಸಿಯಾಗಿರುವುದು ಮಳೆ ಕೈಕೊಟ್ಟ ವರ್ಷಗಳಲ್ಲಿಯೇ. ಹೇತುವೆಂದು ನಂಬಿದ ಬಿಸಿಯು ಇಲ್ಲಿ ಮಳೆಯ ಅಭಾವದ ಫಲವಾಗಿ ಕಾಣುತ್ತದೆ. ಹವಾಮಾನ ವಿಜ್ಞಾನಿ ಡಿ. ಆರ್. ಸಿಕ್ಕಾ ಅವರೊಡನೆ 1973ರಿಂದ 1977ರವರೆಗಿನ ಉಪಗ್ರಹ ಚಿತ್ರಗಳನ್ನು ದಿನದಿನವೂ ಪರಿಶೀಲಿಸಿ ಗಾಡ್ಗೀಳ್ 1980ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೊಂದು ಹೇತುವನ್ನು ಗಟ್ಟಿಗೊಳಿಸಿತು: ಉಷ್ಣವಲಯದಲ್ಲಿ ಎರಡೂ ಗೋಳಾರ್ಧಗಳ ಗಾಳಿಗಳು ಕೂಡುವ ಮೋಡಪಟ್ಟಿಯೇ ಋತುವಿಗನುಸಾರವಾಗಿ ಉತ್ತರಕ್ಕೆ ಸರಿದು ಭಾರತದ ಮೇಲೆ ನೆಲೆಸುತ್ತದೆ, ಸಮಭಾಜಕದ ಬಳಿಯ ಕಡಲ ಮೇಲೆ ಹುಟ್ಟುವ ಮೋಡಗಳು ಕೆಲವು ವಾರಗಳಿಗೊಮ್ಮೆ ಉತ್ತರಕ್ಕೆ ಚಲಿಸಿ ಅದಕ್ಕೆ ಮರುಜೀವ ಕೊಡುತ್ತವೆ. ಇಂದಿನ ವಿಜ್ಞಾನವೆಲ್ಲ ನ್ಯಾಯಶಾಸ್ತ್ರದಲ್ಲಿ ಮೊದಲೇ ಇತ್ತೆನ್ನುವ ಚಪಲಕ್ಕೆ ಈ ಹೋಲಿಕೆಯಿಂದ ಆಧಾರವೇನೂ ದೊರೆಯದು. ಹೋಲುವುದು ಪರೀಕ್ಷೆಯ ಶಿಸ್ತು ಮಾತ್ರ.

ಹೇತು ತಿಳಿದ ಮೇಲೂ ಒಂದು ಹೊಲದ ಮೇಲೆ ಇಂಥ ದಿನವೇ ಮಳೆ ಬೀಳುವುದೆಂದು ಹೇಳಲಾಗದು. ಪಾವಗಡ ಸೀಮೆಯ ಮಳೆಯಾಶ್ರಿತ ಶೇಂಗಾ ರೈತರೊಡನೆ ಕೆಲಸ ಮಾಡಿದಾಗ ಗಾಡ್ಗೀಳ್ ಮತ್ತು ಅವರ ಸಂಗಡಿಗರು ಪ್ರಶ್ನೆಯನ್ನೇ ಬದಲಿಸಿದರು. ಈ ವರ್ಷ ಮಳೆ ಬರುವುದೆ ಎಂಬುದನ್ನು ಬಿಟ್ಟು, ಹಲವು ದಶಕಗಳ ಮಳೆಯ ದಾಖಲೆಯನ್ನೂ ಬೆಳೆಯ ಗಣಿತಮಾದರಿಯನ್ನೂ ಜೋಡಿಸಿ, ಆರಿದ್ರೆ ಮಳೆಗೆ ಬಿತ್ತಿದರೆ ಲೇಸೋ ಪುಷ್ಯ ಮಳೆಯವರೆಗೆ ಕಾಯ್ದರೆ ಲೇಸೋ ಎಂಬಂಥದನ್ನು, ಎಂದರೆ ಯಾವ ಅವಧಿಯ ಬಿತ್ತನೆಗೆ ಬೆಳೆ ಕೈತಪ್ಪುವ ಸಂಭವ ಕಡಿಮೆಯೆಂಬುದನ್ನು ಅವರು ಅರಸಿದರು. ಇಂಥ ಆಯ್ಕೆಯೇ ಪೌರುಷ, ಎಂದರೆ ಮನುಷ್ಯಪ್ರಯತ್ನ. ದೈವ ಮತ್ತು ಪೌರುಷಗಳ ಹಳೆಯ ಚರ್ಚೆಯಲ್ಲಿ ಪೌರುಷದ ಪಕ್ಷವನ್ನು ಎತ್ತಿಹಿಡಿಯುವ ಗ್ರಂಥ ಯೋಗವಾಸಿಷ್ಠ. ಅದರ ಆಯ್ದ ಶ್ಲೋಕಗಳನ್ನು ಇಂಗ್ಲಿಷಿಗೆ ತಂದವರು ಗಾಡ್ಗೀಳ್ ಅವರದೇ ಸಂಸ್ಥೆಯ ದ್ರವಗತಿ ವಿಜ್ಞಾನಿ ರೊದ್ದಂ ನರಸಿಂಹ ಎಂಬುದನ್ನು ಕಾಕತಾಳೀಯವೆಂದು ತಳ್ಳಿಹಾಕುವುದು ಕಷ್ಟ.

ಆದರೂ ಸಂಭವನೀಯತೆಯ ಈ ಪೌರುಷಕ್ಕೆ ಒಂದು ತೊಡಕಿದೆ. ನೂರು ವರ್ಷಗಳ ಸರಾಸರಿಯು ನೂರು ಸಲ ಬಿತ್ತಬಲ್ಲವನಿಗೆ ಸಾಂತ್ವನ. ಸಾಲ ತೀರಿಸಬೇಕಾದ ರೈತನಿಗೆ ಇರುವುದು ಈ ಒಂದೇ ವರ್ಷ. ಆದರೂ ಅವನಿಗೆ ಬಿತ್ತನೆಯ ದಿನವನ್ನು ಆರಿಸುವಷ್ಟು ಅವಕಾಶ ಉಂಟು. ಅಷ್ಟು ಅವಕಾಶವೂ ಇಲ್ಲದವರಿದ್ದಾರೆ. 2021ರ ಜುಲೈ 18ರ ಸುರಿಮಳೆಯಲ್ಲಿ ಮುಂಬಯಿಯ ವಿಕ್ರೋಳಿಯ ಸೂರ್ಯನಗರದಲ್ಲಿ ಗುಡ್ಡ ಜರಿದು ಮನೆಗಳ ಮೇಲೆ ಬಿದ್ದು ಜನ ಸತ್ತರು. ಜುಲೈಯಲ್ಲಿ ಮುಂಬಯಿಗೆ ಭಾರಿ ಮಳೆ ಬರುವುದೆಂಬುದಕ್ಕೆ ಮುನ್ಸೂಚನೆಯ ಅಗತ್ಯವೇ ಇಲ್ಲ; ಇಳಿಜಾರಿನ ಮಣ್ಣು ನೀರು ಕುಡಿದು ಜಾರುವುದೂ ಅಪೂರ್ವವಲ್ಲ. ಇಲ್ಲಿ ಸಂಭವನೀಯತೆ ತಿಳಿದೇ ಇತ್ತು, ಇರದಿದ್ದುದು ಆಯ್ಕೆ. ಬೇರೆಡೆಯ ಬಾಡಿಗೆಗೆ ಎಟುಕದ ಕುಟುಂಬಕ್ಕೆ ಪೌರುಷವನ್ನು ಬೋಧಿಸುವುದು ಸಲ್ಲದು. ಆ ಇಳಿಜಾರಿನ ಬುಡದಲ್ಲಲ್ಲದೆ ಬೇರೆಲ್ಲಿಯೂ ಅವರಿಗೆ ನೆಲೆ ಸಿಗದಂತೆ ಬೆಳೆದ ನಗರದ ನಿರ್ಧಾರಗಳು ಯದೃಚ್ಛೆಯ ಲೆಕ್ಕಕ್ಕೂ ಸೇರವು, ನಿಯತಿಯ ಲೆಕ್ಕಕ್ಕೂ ಸೇರವು.